ಎಡಪಂಥೀಯ ದೆರ್ಗ್ ಎಡಪಂಥೀಯ ವಿದ್ಯಾರ್ಥಿಗಳನ್ನೇ ಏಕೆ ಕೊಂದಿತು?

ಇಥಿಯೋಪಿಯಾದ ದೆರ್ಗ್ ಎಂಬ ಸೈನಿಕ ಸರ್ಕಾರವೂ ಮಾರ್ಕ್ಸ್‌ವಾದಿ, ಅದು ಕೊಂದ ವಿದ್ಯಾರ್ಥಿಗಳೂ ಮಾರ್ಕ್ಸ್‌ವಾದಿಗಳು. ಹಾಗಿದ್ದ ಮೇಲೆ 1977ರ 'ಕೆಂಪು ಭಯೋತ್ಪಾದನೆ' ನಡೆದದ್ದಾದರೂ ಏಕೆ ಎಂದು ಕೇಳಿದ್ದೀರಿ. 1974ರ ಕ್ರಾಂತಿಯ ವಾರಸುದಾರರು ಯಾರು ಎಂಬ ಪ್ರಶ್ನೆಯೇ ಅದರ ಮೂಲ ಎಂದು ನಾನು ತಿಳಿದಿದ್ದೇನೆ.

'ಉಳುವವನಿಗೆ ಭೂಮಿ' ಎಂದು ಆಡಿಸ್ ಅಬಾಬದ ವಿದ್ಯಾರ್ಥಿಗಳು ಬೀದಿಗಿಳಿದದ್ದು 1965ರಲ್ಲಿ. (ಕಾಗೋಡು ಸತ್ಯಾಗ್ರಹವನ್ನು ಬಲ್ಲ ನಮಗೆ ಈ ಘೋಷಣೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.) ಆದರೆ 1974ರ ಸೆಪ್ಟೆಂಬರ್ 12ರಂದು ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿದವರು ಸೈನಿಕರು. ದೆರ್ಗ್ ಎಂದರೆ ಸಮಿತಿ. ಸೇನೆ ಮತ್ತು ಪೊಲೀಸ್ ಘಟಕಗಳಿಂದ ಬಂದ, ಹೆಚ್ಚಾಗಿ ಕೆಳದರ್ಜೆಯವರೇ ಇದ್ದ ಸುಮಾರು 120 ಜನರ ಕೂಟ. 1975ರಲ್ಲಿ ಅದು ಹಳ್ಳಿಯ ಜಮೀನನ್ನೂ ನಗರದ ಹೆಚ್ಚುವರಿ ಮನೆಗಳನ್ನೂ ರಾಷ್ಟ್ರೀಕರಿಸಿತು. ಅಂದರೆ ವಿದ್ಯಾರ್ಥಿಗಳ ಬೇಡಿಕೆ ಈಡೇರಿತು, ಅಧಿಕಾರ ಮಾತ್ರ ಬ್ಯಾರಕ್ಕಿನಲ್ಲೇ ಉಳಿಯಿತು. ತಕ್ಷಣ ನಾಗರಿಕ ಸರ್ಕಾರ ಬೇಕೆಂದು ವಿದ್ಯಾರ್ಥಿ ಚಳವಳಿಯಿಂದ ಬೆಳೆದ ಇಥಿಯೋಪಿಯಾ ಜನತಾ ಕ್ರಾಂತಿಕಾರಿ ಪಕ್ಷ ಪಟ್ಟು ಹಿಡಿದರೆ, ಅದರ ಎದುರಾಳಿಯಾದ ಮೈಸೋನ್ ಎಂಬ ಇನ್ನೊಂದು ಮಾರ್ಕ್ಸ್‌ವಾದಿ ಪಕ್ಷ ಸೈನಿಕರ ಜೊತೆ ಕೈಜೋಡಿಸಿತು. ಮೊದಲ ಪಕ್ಷವೂ ನಗರದಲ್ಲಿ ಅಧಿಕಾರಿಗಳನ್ನು ಗುಂಡಿಟ್ಟು ಕೊಂದಿತ್ತು, 1976ರಲ್ಲಿ ದೆರ್ಗ್‌ನ ಪ್ರಮುಖ ನಾಯಕ ಮೆಂಗಿಸ್ಟು ಹೈಲೆ ಮರಿಯಮ್ ಮೇಲೂ ದಾಳಿ ಮಾಡಿತ್ತು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ಸರಿಯಲ್ಲ.

1977ರ ಫೆಬ್ರುವರಿಯಲ್ಲಿ ಮೆಂಗಿಸ್ಟು ದೆರ್ಗ್‌ನ ಅಧ್ಯಕ್ಷ ತೆಫೆರಿ ಬೆಂಟಿಯನ್ನೇ ಕೊಲ್ಲಿಸಿ ಏಕೈಕ ನಾಯಕನಾದ. ಏಪ್ರಿಲ್‌ನಲ್ಲಿ ರಾಜಧಾನಿಯ ಚೌಕದಲ್ಲಿ ಭಾಷಣ ಮಾಡುತ್ತ, ಕೆಂಪು ದ್ರವ ತುಂಬಿದ ಸೀಸೆಗಳನ್ನು ನೆಲಕ್ಕೆ ಅಪ್ಪಳಿಸಿ, ಶತ್ರುಗಳ ರಕ್ತ ಹೀಗೇ ಹರಿಯುವುದೆಂದು ತೋರಿಸಿದ. ಆದರೆ ಕೊಲ್ಲುವ ಕೆಲಸ ಸಾಗಿದ್ದು ಸೇನೆಯೊಂದರಿಂದಲೇ ಅಲ್ಲ, 'ಕೆಬೆಲೆ'ಗಳಿಂದಲೂ ಹೌದು. ಮನೆ ಬಾಡಿಗೆ ವಸೂಲಿ, ಪಡಿತರ ಹಂಚಿಕೆಯಂಥ ಕೆಲಸ ಮಾಡುತ್ತಿದ್ದ ಈ ಬಡಾವಣೆ ಸಂಘಗಳ ಕೈಗೆ ಬಂದೂಕು ಕೊಡಲಾಯಿತು. ಯಾವ ಮನೆಯಲ್ಲಿ ಓದಿದ ಹುಡುಗನಿದ್ದಾನೆ, ಯಾರು ರಾತ್ರಿ ತಡವಾಗಿ ಬರುತ್ತಾರೆ ಎಂಬುದು ಪೊಲೀಸರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅಕ್ಕಪಕ್ಕದವರಿಗೆ. ಹಳೆಯ ಹಗೆಗಳೂ ಕ್ರಾಂತಿಯ ಹೆಸರಿನಲ್ಲಿ ತೀರಿದವು. ಮನೆ ಮನೆ ಶೋಧಿಸಿದವರು ಬಂದೂಕಿನ ಜೊತೆ ಕರಪತ್ರ ಅಚ್ಚು ಮಾಡುವ ಯಂತ್ರವನ್ನೂ ಹುಡುಕಿದರು. ಶವಗಳನ್ನು ಬೀದಿಯಲ್ಲಿ ಬಿಟ್ಟು, ಅಳುವುದನ್ನೂ ನಿಷೇಧಿಸಿ, ಮಗನನ್ನು ಕೊಂದ ಗುಂಡಿನ ಬೆಲೆಯನ್ನು ಹೆತ್ತವರಿಂದ ವಸೂಲು ಮಾಡಿದ ಪ್ರಸಂಗಗಳಿವೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಮೈಸೋನ್‌ಗೆ ಒದಗಿದ ಗತಿಯಲ್ಲಿ. ಎದುರಾಳಿಗಳನ್ನು ಮುಗಿಸಲು ನೆರವಾದ ಆ ಪಕ್ಷವೂ ಅದೇ ವರ್ಷದ ಆಗಸ್ಟ್‌ನಲ್ಲಿ ತಲೆಮರೆಸಿಕೊಳ್ಳಬೇಕಾಯಿತು. ಅದರ ನಾಯಕ ಹೈಲೆ ಫಿದಾ ಸೆರೆಯಾಗಿ, ಮುಂದೆ ಕೊಲೆಯಾದ. ಅಂದರೆ ಜಗಳ ಸಿದ್ಧಾಂತದ್ದಲ್ಲ, ಅಧಿಕಾರದ್ದು.

ಸತ್ತವರ ಅಂದಾಜು ಹತ್ತಾರು ಸಾವಿರದಿಂದ ಐದು ಲಕ್ಷದವರೆಗೂ ಹೋಗುತ್ತದೆ. ದೊಡ್ಡ ಅಂಕಿಯನ್ನು ನಾನು ಎಚ್ಚರದಿಂದಲೇ ಬಳಸುತ್ತೇನೆ. ದೆರ್ಗ್ ತಾನೇ ಕಾಪಾಡಿಟ್ಟುಕೊಂಡ ಆದೇಶಪತ್ರಗಳು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾದವು. 1991ರಲ್ಲಿ ಜಿಂಬಾಬ್ವೆಗೆ ಓಡಿಹೋದ ಮೆಂಗಿಸ್ಟುವಿನ ಮೇಲಿನ ನರಮೇಧದ ಆರೋಪ 2006ರಲ್ಲಿ ಸಾಬೀತಾಯಿತು, 2008ರಲ್ಲಿ ಅವನ ಗೈರುಹಾಜರಿಯಲ್ಲೇ ಮರಣದಂಡನೆಯನ್ನೂ ವಿಧಿಸಲಾಯಿತು. ಜಿಂಬಾಬ್ವೆ ಅವನನ್ನು ಒಪ್ಪಿಸಲಿಲ್ಲ.