ಎಲ್ಲ ಮೆಥಡ್‌ಗೂ ಲಾಕ್ ಹಾಕಿದರೆ ಸಾಕಾ?

ಪ್ರಶ್ನೆ: ಜಾವಾದಲ್ಲಿ ಒಂದು ಪುಟ್ಟ ಲೈಬ್ರರಿ ಬರೆದಿದ್ದೇನೆ. ಓದಿದ ಫೈಲನ್ನು ಮತ್ತೆ ಓದದಂತೆ ಮ್ಯಾಪ್‌ನಲ್ಲಿ (ಹೆಸರು ಹೇಳಿದರೆ ಇಟ್ಟದ್ದನ್ನು ಕೊಡುವ ಪಟ್ಟಿ) ಇಟ್ಟುಕೊಳ್ಳಲು. ‘ಇದೆಯಾ’ ಎಂದು ಕೇಳಲು ಒಂದು ಮೆಥಡ್, ‘ಇಡು’ ಎನ್ನಲು ಇನ್ನೊಂದು. ಎಷ್ಟು ಸಲ ಕೇಳಿದರು ಎಂಬ ಎಣಿಕೆಯೂ ಇದೆ. ಗೆಳೆಯ ಎಂಟು ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳು) ಓಡಿಸಿದಾಗ ಎಣಿಕೆ ಕಡಿಮೆ ಬಂತು, ಒಂದೇ ಫೈಲನ್ನು ಎರಡೆರಡು ಸಲ ಓದಿತು. ಎಲ್ಲ ಮೆಥಡ್‌ಗೂ ಸಿಂಕ್ರೊನೈಸ್ಡ್ ಹಾಕಿದೆ, ಅಂದರೆ ಒಮ್ಮೆಗೆ ಒಂದೇ ಥ್ರೆಡ್ ಒಳಗೆ ಹೋಗುವಂತೆ ಲಾಕ್. ಎಣಿಕೆ ಸರಿಹೋಯಿತು, ಎರಡು ಸಲ ಓದುವುದು ನಿಲ್ಲಲಿಲ್ಲ. ಯಾಕೆ?

ಉತ್ತರ: ಮೊದಲು ಎಣಿಕೆಯ ವಿಷಯ. ಎಣಿಕೆಗೆ ಒಂದು ಸೇರಿಸುವ ಪ್ಲಸ್ ಪ್ಲಸ್ ನೋಡಲು ಒಂದೇ ಕೆಲಸ, ಒಳಗೆ ಮೂರು: ಓದು, ಒಂದು ಕೂಡು, ಬರೆ. ಎರಡು ಥ್ರೆಡ್‌ಗಳು ಒಟ್ಟಿಗೆ 41 ಓದಿಕೊಂಡರೆ ಎರಡೂ 42 ಬರೆಯುತ್ತವೆ. ಒಂದು ಲೆಕ್ಕ ಕಳೆದುಹೋಯಿತು. ಲಾಕ್ ಹಾಕಿದ್ದಕ್ಕೆ ಈ ಮೂರೂ ಒಂದಾದವು. ಬರೀ ಎಣಿಕೆಗಾದರೆ ಲಾಕ್ ಕೂಡ ಬೇಡ, ಈ ಮೂರನ್ನೂ ಒಂದೇ ಏಟಿಗೆ ಮಾಡುವ ಅಟಾಮಿಕ್‌ಲಾಂಗ್ ಸಾಕು.

ಫೈಲಿನ ಕಥೆ ಬೇರೆ. ಗೆಳೆಯರ ಕೋಡ್ ‘ಇದೆಯಾ’ ಅಂತ ಕೇಳುತ್ತದೆ. ಲಾಕ್ ಹಾಕಿ, ‘ಇಲ್ಲ’ ಅಂದು, ಲಾಕ್ ತೆಗೆಯುತ್ತೀರಿ. ಆಮೇಲೆ ಅದು ಫೈಲ್ ಓದಲು ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಬಂದು ಅದೇ ಪ್ರಶ್ನೆ ಕೇಳಿ ಅದೇ ‘ಇಲ್ಲ’ ಪಡೆಯುತ್ತದೆ. ಎರಡೂ ಬಾಗಿಲಿಗೆ ಬೀಗ ಇದೆ, ನಡುವಿನ ಅಂಗಳ ಬಟಾಬಯಲು. ಕೇಳುವುದು, ಓದುವುದು, ಇಡುವುದು ಮೂರನ್ನೂ ಸೇರಿಸಿ ‘ಕೊಡು’ ಎಂಬ ಒಂದೇ ಮೆಥಡ್ ಮಾಡಿ. ಒಳಗೆ, ಹಲವು ಥ್ರೆಡ್‌ಗಳು ಹಂಚಿಕೊಳ್ಳಬಹುದಾದ ಮ್ಯಾಪ್ ಆದ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್‌ನ ಕಂಪ್ಯೂಟ್‌ಇಫ್‌ಆಬ್ಸೆಂಟ್ ಬಳಸಿ: ಇಲ್ಲದಿದ್ದರೆ ಮಾತ್ರ, ನೀವು ಕೊಟ್ಟ ಫಂಕ್ಷನ್ ಓಡಿಸಿ, ಬಂದದ್ದನ್ನು ಒಂದೇ ಏಟಿಗೆ ಇಡುತ್ತದೆ. ಅದಕ್ಕೆ ಕೊಡುವ ಫಂಕ್ಷನ್ ಒಳಗಿಂದ ಅದೇ ಮ್ಯಾಪನ್ನು ಬದಲಾಯಿಸಲು ಹೋಗಬೇಡಿ, ಅಷ್ಟೇ.

ಎಲ್ಲ ಮೆಥಡ್‌ಗೂ ಲಾಕ್ ಹಾಕಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಜಾವಾ ಮಾಡಿದವರೇ ಮೊದಲು ಹಾಗೆ ಮಾಡಿದ್ದರು. ಹಲವು ವಸ್ತುಗಳನ್ನು ಒಟ್ಟಿಗೆ ಇಡುವ ಕ್ಲಾಸ್‌ಗಳನ್ನೇ ನೋಡಿ: 1996ರ ವೆಕ್ಟರ್, ಹ್ಯಾಶ್‌ಟೇಬಲ್‌ಗಳಲ್ಲಿ ಮೆಥಡ್ ಮೆಥಡ್‌ಗೂ ಲಾಕ್. 1998ರಲ್ಲಿ ಬಂದ ಅರೇಲಿಸ್ಟ್, ಹ್ಯಾಶ್‌ಮ್ಯಾಪ್‌ಗಳಲ್ಲಿ ಅದನ್ನು ಕೈಬಿಟ್ಟರು. ಒಂಟಿ ಥ್ರೆಡ್‌ನವರಿಗೆ ಸುಮ್ನೆ ಭಾರ, ಹಲವು ಥ್ರೆಡ್‌ನವರಿಗೆ ಅರ್ಧ ರಕ್ಷಣೆ. ಯಾರಿಗೆ ಬೇಕು?

ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ತಾರೀಖು ಓದಲು ಸಿಂಪಲ್‌ಡೇಟ್‌ಫಾರ್ಮ್ಯಾಟ್ ಆಬ್ಜೆಕ್ಟ್ ಒಂದನ್ನು ಸ್ಟ್ಯಾಟಿಕ್ ಆಗಿ ಇಟ್ಟು, ಎಲ್ಲ ಥ್ರೆಡ್‌ಗಳಿಗೂ ಅದನ್ನೇ ಕೊಟ್ಟಿದ್ದೆ. ಅದರ ಹೊಟ್ಟೆಯೊಳಗೆ ಒಂದು ಕ್ಯಾಲೆಂಡರ್ ಇರುತ್ತದೆ, ಪ್ರತಿ ಸಲವೂ ಅದನ್ನೇ ಅಳಿಸಿ ತುಂಬುತ್ತದೆ. ಒಬ್ಬರ ತಿಂಗಳು, ಇನ್ನೊಬ್ಬರ ವರ್ಷ ಸೇರಿ ಯಾರದ್ದೂ ಅಲ್ಲದ ತಾರೀಖು ಹುಟ್ಟುತ್ತಿತ್ತು. ಹುಡುಕಲು ಪ್ರಿಂಟ್ ಸಾಲು ಹಾಕಿದರೆ ತಪ್ಪು ಮಾಯ! ಪ್ರಿಂಟ್ ಕೂಡ ಒಳಗೆ ಲಾಕ್ ಹಿಡಿಯುತ್ತದೆ, ಥ್ರೆಡ್‌ಗಳನ್ನು ಸಾಲಾಗಿ ನಿಲ್ಲಿಸಿಬಿಡುತ್ತದೆ. ಮೂರು ರಾತ್ರಿ ಹೋಯಿತು. ಹಂಚಿಕೊಳ್ಳಬಾರದು ಅಂತ ಅದರ ದಾಖಲೆಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. 2014ರ ಜಾವಾ 8ರಲ್ಲಿ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್ ಒಮ್ಮೆ ಕಟ್ಟಿದ ಮೇಲೆ ಬದಲಾಗುವುದೇ ಇಲ್ಲ. ಬದಲಾಗದ್ದಕ್ಕೆ ಲಾಕ್ ಯಾಕೆ, ಅಲ್ವಾ? ನಾನೀಗ ಮೊದಲು ನೋಡುವುದು ಇದನ್ನೇ: ಆಬ್ಜೆಕ್ಟನ್ನು ಬದಲಾಗದಂತೆ ಮಾಡಬಹುದಾ? ಆಗಲ್ಲ ಅಂದಾಗ ಮಾತ್ರ ಲಾಕ್.

ಇನ್ನೊಂದು ಮಾತು. ನೀವು ಲಾಕ್ ಹಿಡಿದಿರುವಾಗ, ಲೈಬ್ರರಿ ಬಳಸುವವರು ಕೊಟ್ಟ ಕಾಲ್‌ಬ್ಯಾಕನ್ನು (ನೀವು ಕರೆಯಲೆಂದು ಅವರು ಕೊಟ್ಟ ಫಂಕ್ಷನ್) ಕರೆಯಬೇಡಿ. ಅವರು ಒಳಗೆ ಇನ್ನೊಂದು ಲಾಕ್‌ಗೆ ಕಾಯುತ್ತಿರಬಹುದು, ಆ ಲಾಕ್ ಹಿಡಿದವರು ನಿಮ್ಮದಕ್ಕೆ ಕಾಯುತ್ತಿರಬಹುದು. ಇಬ್ಬರೂ ಅಲ್ಲೇ ಕಲ್ಲಾಗುತ್ತಾರೆ. ಜೊತೆಗೆ, ಪ್ರತಿ ಕ್ಲಾಸ್‌ನ ತಲೆಯ ಮೇಲೆ ಒಂದು ಸಾಲು ಬರೆಯಿರಿ: ಹಲವು ಥ್ರೆಡ್‌ಗಳು ಒಂದೇ ಆಬ್ಜೆಕ್ಟನ್ನು ಹಂಚಿಕೊಳ್ಳಬಹುದಾ, ಇಲ್ಲವಾ. ‘ಇಲ್ಲ’ ಅಂತ ಬರೆದರೂ ನಾಚಿಕೆಯಿಲ್ಲ.

ಪ್ರಶ್ನೆ: ಸಿ ಭಾಷೆಯ ಹಳೇ ಪ್ರೋಗ್ರಾಂ. ಪಠ್ಯವನ್ನು ತುಂಡು ಮಾಡುವ ಸ್ಟ್ರ್‌ಟಾಕ್ ಫಂಕ್ಷನ್ ಬಳಸಿದ್ದೇವೆ, ಥ್ರೆಡ್ ಒಂದೇ ಒಂದು. ಆದರೂ ಸಾಲುಗಳು ಅರ್ಧಕ್ಕೇ ನಿಲ್ಲುತ್ತವೆ.

ಉತ್ತರ: ಸಾಲು ತುಂಡು ಮಾಡುತ್ತಲೇ ಒಳಗಿನ ಫಂಕ್ಷನ್‌ನಲ್ಲಿ ಪದಗಳನ್ನೂ ಸ್ಟ್ರ್‌ಟಾಕ್‌ನಿಂದಲೇ ತುಂಡು ಮಾಡುತ್ತಿದ್ದೀರಾ? ಎಲ್ಲಿಗೆ ನಿಲ್ಲಿಸಿದೆ ಎಂಬ ಗುರುತನ್ನು ಅದು ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಒಳಗಿನದು ಹೊರಗಿನದರ ಗುರುತನ್ನು ಅಳಿಸುತ್ತದೆ. ಇದಕ್ಕೆ ಎರಡನೇ ಥ್ರೆಡ್ ಬೇಕಿಲ್ಲ. ಸ್ಟ್ರ್‌ಟಾಕ್_ಆರ್‌ಗೆ ಬದಲಾಯಿಸಿ. ಆ ಗುರುತು ನಿಮ್ಮದೇ ವೇರಿಯಬಲ್‌ನಲ್ಲಿ ಇರುತ್ತದೆ. ಹೊರಗಿನದಕ್ಕೊಂದು, ಒಳಗಿನದಕ್ಕೊಂದು ಬೇರೆ ಕೊಡಿ.