ಹಸಿರು ಪೆರೋವ್‌ಸ್ಕೈಟ್ ಎಲ್‌ಇಡಿಗೆ ಪೆಡಾಟ್ ಬಿಟ್ಟು ಯಾವ ಪಾಲಿಮರ್ ಹಾಕಲಿ?

ಪೆಡಾಟ್-ಪಿಎಸ್‌ಎಸ್ (ಹೋಲ್‌ಗಳನ್ನು, ಅಂದರೆ ಧನ ವಿದ್ಯುದಂಶಗಳನ್ನು, ಒಳಬಿಡುವ ಪಾಲಿಮರ್ ಪದರ) ಮೇಲೆ ಮಾಡಿದ ನಿಮ್ಮ ಹಸಿರು ಪೆರೋವ್‌ಸ್ಕೈಟ್ (ಬೆಳಕು ಕೊಡುವ ಹರಳು ವಸ್ತು) ಎಲ್‌ಇಡಿ ಮಂಕಾಗಿದೆ, ಪಾಲಿ-ಟಿಪಿಡಿ, ಟಿಎಫ್‌ಬಿ, ಪಿವಿಕೆ ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಇದೇ ಪದರದ ಜೊತೆ ನಾನೂ ತುಂಬಾ ದಿನ ಗುದ್ದಾಡಿದ್ದೇನೆ.

ಪಾಲಿಮರ್ ಬದಲಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೇ ಪೆರೋವ್‌ಸ್ಕೈಟ್ ದ್ರಾವಣದಿಂದ ಎರಡು ಫಿಲ್ಮ್ ಹಾಕಿ, ಒಂದು ಬರೀ ಗಾಜಿನ ಮೇಲೆ, ಇನ್ನೊಂದು ಪೆಡಾಟ್ ಮೇಲೆ. ಕತ್ತಲಲ್ಲಿ ಅಕ್ಕಪಕ್ಕ ಇಟ್ಟು ಯುವಿ ಟಾರ್ಚ್ ಬಿಡಿ. ಗಾಜಿನ ಮೇಲಿನದು ಹೊಳೆದು ಪೆಡಾಟ್ ಮೇಲಿನದು ಸಪ್ಪೆಯಾಗಿ ಕಂಡರೆ, ವಿದ್ಯುತ್ ಕೊಡೋ ಮೊದಲೇ ಬೆಳಕು ಕೆಳಗಿನ ಪದರದಲ್ಲಿ ಸಾಯುತ್ತಿದೆ ಅಂತ ಅರ್ಥ. ನನ್ನದರಲ್ಲಿ ಹಾಗೇ ಆಗಿತ್ತು.

ಪೆಡಾಟ್‌ನ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿ) ಸುಮಾರು 5.0ರಿಂದ 5.2 ಎಲೆಕ್ಟ್ರಾನ್ ವೋಲ್ಟ್. ಹಸಿರು ಬ್ರೋಮೈಡ್ ಪೆರೋವ್‌ಸ್ಕೈಟ್‌ನ ವೇಲೆನ್ಸ್ ಅಂಚು (ಹೋಲ್‌ಗಳು ಸೇರಬೇಕಾದ ಶಕ್ತಿ ಮಟ್ಟ) 5.6ಕ್ಕಿಂತ ಆಳದಲ್ಲಿರುತ್ತದೆ. ಹೋಲ್‌ಗಳು ಅಷ್ಟು ಎತ್ತರದ ಮೆಟ್ಟಿಲು ಹತ್ತಬೇಕು. ಮೇಲಾಗಿ ಅದು ಆಮ್ಲ, ಐಟಿಒವನ್ನು (ಗಾಜಿನ ಮೇಲಿನ ಪಾರದರ್ಶಕ ವಿದ್ಯುದ್ವಾರ) ನಿಧಾನಕ್ಕೆ ತಿನ್ನುತ್ತದೆ. 2014ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಹಸಿರು ಪೆರೋವ್‌ಸ್ಕೈಟ್ ಎಲ್‌ಇಡಿಯ ದಕ್ಷತೆ ಬರೀ 0.1% ಇತ್ತು. ಮರುವರ್ಷವೇ ಕೊರಿಯಾದ ತಂಡವೊಂದು 8.53% ಮುಟ್ಟಿತು. ಪೆರೋವ್‌ಸ್ಕೈಟ್ ಹರಳುಗಳನ್ನು ಸಣ್ಣದು ಮಾಡಿದ್ದು ದೊಡ್ಡ ಕಾರಣ. ಆದರೆ ಅವರು ಪೆಡಾಟ್‌ಗೆ ಫ್ಲೋರಿನ್ ಇರುವ ಒಂದು ಪಾಲಿಮರ್ ಕೂಡ ಬೆರೆಸಿದ್ದರು. ಅದು ತಾನಾಗಿ ಮೇಲಕ್ಕೆ ಬಂದು ಕೂರುತ್ತದೆ, ಮೆಟ್ಟಿಲೂ ತಗ್ಗುತ್ತದೆ, ಬೆಳಕೂ ಉಳಿಯುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ!

ಈಗ ನಿಮ್ಮ ಮೂರು ಹೆಸರು. ಪಾಲಿ-ಟಿಪಿಡಿ, ಟಿಎಫ್‌ಬಿ ಎರಡರ ಹೋಲ್ ಮಟ್ಟವೂ 5.3ರ ಆಸುಪಾಸು. ಪಿವಿಕೆಯದು ಸುಮಾರು 5.8, ಅಂದರೆ ಪೆರೋವ್‌ಸ್ಕೈಟ್‌ಗೆ ಹತ್ತಿರ. ಆದರೆ ಅದರಲ್ಲಿ ಹೋಲ್‌ಗಳು ಟಿಎಫ್‌ಬಿಗಿಂತ ಸಾವಿರ ಪಟ್ಟಿಗೂ ನಿಧಾನವಾಗಿ ಓಡುತ್ತವೆ. ಹಾಗಾಗಿ ಪಿವಿಕೆ ತೆಳ್ಳಗಿರಲಿ. ಮೂರೂ ಎಲೆಕ್ಟ್ರಾನ್‌ಗಳನ್ನು ಚೆನ್ನಾಗಿಯೇ ತಡೆಯುತ್ತವೆ.

ಬರೀ ಈ ಅಂಕಿಗಳನ್ನು ನೋಡಿ ಪಾಲಿಮರ್ ಆರಿಸಿ ನಾನು ತಿಂಗಳುಗಟ್ಟಲೆ ಕಳೆದುಕೊಂಡೆ. ಪೆರೋವ್‌ಸ್ಕೈಟ್ ಬೆಳೆಯೋದು ಆ ಪಾಲಿಮರ್ ಮೇಲೆ, ಅದನ್ನು ಮರೆತಿದ್ದೆ. ಪಾಲಿ-ಟಿಪಿಡಿ ಮೇಲೆ ಡಿಎಂಎಸ್‌ಒ (ಪೆರೋವ್‌ಸ್ಕೈಟ್ ಕರಗಿಸುವ ದ್ರಾವಕ) ದ್ರಾವಣ ಬಿಟ್ಟು ನೋಡಿ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಲ್ಲುತ್ತದೆ. ಸ್ಪಿನ್ ಕೋಟರ್ (ತಿರುಗಿಸಿ ಪದರ ಹರಡುವ ಯಂತ್ರ) ತಿರುಗಿದ ತಕ್ಷಣ ಹನಿ ಇಡಿಯಾಗಿ ಹಾರಿಹೋಗುತ್ತದೆ, ನಡುವೆ ಹರಿದ ತೇಪೆಯಂಥ ಒಂದು ಕಲೆ ಉಳಿಯುತ್ತದೆ. ಆ ತೂತುಗಳಲ್ಲೇ ಕರೆಂಟ್ ಸೋರುತ್ತದೆ. ಆಮ್ಲಜನಕದ ಪ್ಲಾಸ್ಮಾ ಕೊಟ್ಟರೆ ದ್ರಾವಣ ಹರಡುತ್ತದೆ ನಿಜ, ಆದರೆ ನಾನು ಜಾಸ್ತಿ ಹೊತ್ತು ಕೊಟ್ಟು ಪಾಲಿಮರ್‌ನ ಮೇಲ್ಮೈಯನ್ನೇ ಹಾಳು ಮಾಡಿದೆ. ಫಿಲ್ಮ್ ಕನ್ನಡಿಯಂತೆ ನಯವಾಗಿತ್ತು, ಬೆಳಕು ಮೊದಲಿಗಿಂತ ಕಡಿಮೆ. ಕೊಡೋದಾದರೆ ಕೆಲವೇ ಸೆಕೆಂಡು. ಅದಕ್ಕಿಂತ ಪಿವಿಪಿಯ (ದ್ರಾವಣ ಹರಡಲು ನೆರವಾಗುವ ಇನ್ನೊಂದು ಪಾಲಿಮರ್) ಅತಿ ತೆಳು ಪದರ ಹಾಕೋದು ನನಗೆ ಹೆಚ್ಚು ನಂಬಿಕೆಯ ದಾರಿ.

ದ್ರಾವಕದ ಕಡೆಗೂ ಗಮನ ಇರಲಿ. ಡಿಎಂಎಫ್ ಎಂಬ ಇನ್ನೊಂದು ದ್ರಾವಕ ಪಿವಿಕೆಯನ್ನು ಕರಗಿಸುತ್ತದೆ, ಅದರ ಮೇಲೆ ಡಿಎಂಎಸ್‌ಒ ವಾಸಿ. ನೀವು ನ್ಯಾನೋ ಹರಳು ಬಳಸುತ್ತಿದ್ದು ಅವು ಟಾಲುಯೀನ್‌ನಲ್ಲಿದ್ದರೆ ಮೂರು ಪಾಲಿಮರ್‌ಗಳೂ ಕರಗುವ ಅಪಾಯವಿದೆ, ಆಕ್ಟೇನ್‌ಗೆ ಬದಲಿಸಿ. ಅನುಮಾನ ಇದ್ದರೆ ಪಾಲಿಮರ್ ಮೇಲೆ ಬರೀ ದ್ರಾವಕ ಹಾಕಿ ತಿರುಗಿಸಿ, ಮೊದಲು ಮತ್ತು ಆಮೇಲೆ ಬೆಳಕಿನ ಹೀರಿಕೆ ಅಳೆಯಿರಿ. ಇಳಿದಿದ್ದರೆ ಪದರ ತೊಳೆದುಹೋಗಿದೆ.

ನಾನಾಗಿದ್ದರೆ, ಡಿಎಂಎಸ್‌ಒ ದ್ರಾವಣಕ್ಕೆ ಪೆಡಾಟ್ ಮೇಲೆಯೇ ತೆಳು ಪಿವಿಕೆ ಹಾಕಿ ಶುರು ಮಾಡುತ್ತಿದ್ದೆ. ಆಕ್ಟೇನ್‌ನಲ್ಲಿರುವ ನ್ಯಾನೋ ಹರಳಿಗಾದರೆ ಪಾಲಿ-ಟಿಪಿಡಿ ಅಥವಾ ಟಿಎಫ್‌ಬಿ. ನಿಮ್ಮ ದ್ರಾವಕ ಯಾವುದು, ಯುವಿ ಕೆಳಗೆ ಏನು ಕಂಡಿತು ಅಂತ ಬರೆಯಿರಿ, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.