ಓದುಗರ ಪ್ರಶ್ನೆ: ಮಂಡಿಯ ಕಂಪ್ಯೂಟರಿನಲ್ಲಿ ದ್ವಂದ್ವ ಹುಡುಕುವುದು ಹೇಗೆ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಇ-ಟೆಂಡರ್ ಬಗ್ಗೆ ಎಂ.ಬಿ.ಎ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅನುಕೂಲ, ಅನನುಕೂಲಗಳ ಪಟ್ಟಿ ಮಾಡಿ ಕೊಟ್ಟರೆ, ‘ದ್ವಂದ್ವಾತ್ಮಕ ವಿಶ್ಲೇಷಣೆ ಎಲ್ಲಿದೆ?’ ಎಂದು ಗೈಡ್ ವಾಪಸ್ ಕಳಿಸಿದ್ದಾರೆ. ಏನು ಬಿಟ್ಟುಹೋಗಿದೆ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಗೈಡ್ ಹೇಳಿದ್ದು ಸರಿ. ಅಂಥ ಪಟ್ಟಿಯಲ್ಲಿ ಎಡ-ಬಲಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ‘ದರ ಎಲ್ಲರಿಗೂ ಕಾಣುತ್ತದೆ’ ಎಂಬುದು ಎಡಕ್ಕೆ, ‘ಸರ್ವರ್ ನಿಧಾನ’ ಎಂಬುದು ಬಲಕ್ಕೆ. ನಾಳೆ ಸರ್ವರ್ ಸರಿಹೋದರೆ ಎಡಗಡೆಯ ಮಾತು ಇದ್ದಲ್ಲೇ ಇರುತ್ತದೆ. ಹಾಗಾಗಿ ಸರ್ವರ್ ನಿಧಾನವೆಂಬುದು ಬರೀ ತೊಂದರೆ, ದ್ವಂದ್ವವಲ್ಲ. ಎರಡು ಸಂಗತಿಗಳು ಪರಸ್ಪರ ಜಗ್ಗಾಡುತ್ತಲೇ ಒಂದಿಲ್ಲದೆ ಇನ್ನೊಂದು ನಿಲ್ಲದಂತಿದ್ದರೆ ದ್ವಂದ್ವ ಎನ್ನಬೇಕು. ಒಂದನ್ನು ಕಿತ್ತು ನೋಡಿ; ಇನ್ನೊಂದು ಹಾಗೇ ಉಳಿದರೆ ಆ ಜೋಡಿಯನ್ನು ಪಟ್ಟಿಯಿಂದ ಹೊಡೆದುಹಾಕಿ.

ನಿಮ್ಮ ವಿಷಯದಲ್ಲಿ ಅಂಥವು ಎರಡಾದರೂ ಇವೆ. ಮೊದಲನೆಯದು ಗುಣಮಟ್ಟದ್ದು. ದೂರದೂರಿನ ಖರೀದಿದಾರನೂ ದರ ಹಾಕಲಿ ಎಂದೇ 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರಲ್ಲಿ ಕೇಂದ್ರದ ಇ-ನ್ಯಾಮ್ (ದೇಶದ ಮಂಡಿಗಳನ್ನು ಆನ್‌ಲೈನಿನಲ್ಲಿ ಜೋಡಿಸುವ ವೇದಿಕೆ) ಬಂದವು. ಕಾಳು ಕಾಣದವನು ದರ ಹಾಕಬೇಕೆಂದರೆ ತೇವಾಂಶ, ಒಡಕು, ಕಸ ಎಷ್ಟೆಂದು ಲ್ಯಾಬ್ ಹೇಳಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಸುಗ್ಗಿಯಲ್ಲಿ ಲಾಟುಗಳು ಒಟ್ಟಿಗೇ ಬಂದು ಬೀಳುತ್ತವೆ, ರೈತನಿಗೆ ಟ್ರ್ಯಾಕ್ಟರ್ ಬಾಡಿಗೆ ಏರುತ್ತಿರುತ್ತದೆ. ಕೊನೆಗೆ ರಾಶಿಗೆ ಕೈಹಾಕಿ ಕಾಳು ಕಚ್ಚಿ ನೋಡಬಲ್ಲ ಸ್ಥಳೀಯ ವರ್ತಕನಿಗೇ ಅನುಕೂಲ. ಮಾರುಕಟ್ಟೆಯನ್ನು ಹಿಗ್ಗಿಸುವ ಪರೀಕ್ಷೆಯೇ ಮಾರಾಟವನ್ನು ತಡೆಹಿಡಿಯುತ್ತದೆ. ಪರೀಕ್ಷೆ ಬಿಟ್ಟರೆ ಮಾರುಕಟ್ಟೆ ಮತ್ತೆ ಪ್ರಾಂಗಣದೊಳಗೇ ಕುಗ್ಗುತ್ತದೆ.

ಎರಡನೆಯದು ಸಾಲದ್ದು. ಪ್ರಾಜೆಕ್ಟಿನ ಜೀವ ಇಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಬಿತ್ತನೆಗೆ ಮುಂಗಡ ಕೊಟ್ಟ ದಲ್ಲಾಳಿ, ಮಾಲು ತನ್ನ ಅಂಗಡಿಗೇ ಬರಲಿ ಎಂದು ಕಾಯುತ್ತಾನೆ. ಹಣ ನೇರವಾಗಿ ರೈತನ ಖಾತೆಗೆ ಹೋದರೆ ದಲ್ಲಾಳಿಯ ವಸೂಲಿ ದಾರಿ ಮುಚ್ಚುತ್ತದೆ; ಅವನು ಹಿಂದೆ ಸರಿದರೆ ಮುಂದಿನ ಮುಂಗಾರಿಗೆ ಮುಂಗಡ ಹುಟ್ಟುವುದಿಲ್ಲ. ದರ ಪರದೆಯ ಮೇಲಿದೆ, ಸಾಲ ಚೀಟಿಯಲ್ಲಿದೆ. ವ್ಯವಸ್ಥೆಗೆ ಅವನ ಹಿಡಿತ ಬೇಡ, ಅವನ ಬಂಡವಾಳ ಬೇಕು.

ಇನ್ನು ಮಾಹಿತಿ ಕಲೆಹಾಕುವ ಕೆಲಸ. 40 ಲಾಟು ಸಾಕು: 20 ಅಕ್ಟೋಬರ್–ನವೆಂಬರಿನವು, 20 ಆವಕ ಕಡಿಮೆಯಿರುವ ತಿಂಗಳಿನವು. ಪ್ರತಿ ಲಾಟಿಗೂ ಗೇಟ್ ಎಂಟ್ರಿ, ಮಾದರಿ ತೆಗೆದದ್ದು, ಟೆಂಡರ್ ಮುಗಿದದ್ದು, ತೂಕ, ಹಣ ಕೈಸೇರಿದ್ದು, ಈ ಐದರ ಸಮಯ ಬರೆದುಕೊಳ್ಳಿ. ಪಕ್ಕದಲ್ಲಿ ಮೂರು ಕಲಂ ಇರಲಿ: ನಿಯಮ ಏನನ್ನುತ್ತದೆ, ಕಂಪ್ಯೂಟರಿನಲ್ಲಿ ಏನು ದಾಖಲಾಗಿದೆ, ಕಣ್ಣೆದುರು ಏನು ನಡೆಯಿತು. ಮೂರೂ ತಾಳೆಯಾಗದ ಕಡೆ ನಿಂತು ಕೇಳಿ. ವಹಿವಾಟು ಮುಗಿದ ಮೇಲೆ ಎಂಟ್ರಿ ಹಾಕುವುದು ಕಂಡರೆ ‘ಸಿಬ್ಬಂದಿಗೆ ತರಬೇತಿ ಸಾಲದು’ ಎಂದು ಷರಾ ಬರೆದು ಮುಗಿಸಬೇಡಿ. ಆ ಅಡ್ಡದಾರಿ ಯಾವ ಜಗ್ಗಾಟವನ್ನು ಅಂದಂದಿಗೆ ನಿಭಾಯಿಸುತ್ತಿದೆ ಎಂಬುದೇ ನಿಮ್ಮ ಪ್ರಶ್ನೆ. ಒಂದೇ ಹಂಗಾಮು ನೋಡಿದವರಿಗೆ ಜಗ್ಗಾಟ ಕಾಣುತ್ತದೆ, ಅದು ಯಾವ ಕಡೆ ವಾಲುತ್ತಿದೆ ಎಂಬುದು ಕಾಣುವುದಿಲ್ಲ. ಅಧಿಕಾರಿಗಳನ್ನಷ್ಟೇ ಮಾತಾಡಿಸಿದವರಿಗೆ ಜಗ್ಗಾಟವೂ ಕಾಣದು. ಹಮಾಲರನ್ನು ಬಿಡಬೇಡಿ, ಯಾವ ಚೀಲ ಯಾವಾಗ ಎದ್ದಿತೆಂದು ಅವರಷ್ಟು ಬಲ್ಲವರಿಲ್ಲ.

ಪ್ರಶ್ನೆ: ಹೆಗೆಲ್‌ನ ಥೀಸಿಸ್, ಆಂಟಿಥೀಸಿಸ್, ಸಿಂಥೆಸಿಸ್ ಎಂದು ಮೂರು ಅಧ್ಯಾಯ ಮಾಡಿದರೆ ನಡೆಯುತ್ತದೆಯೇ?
– ಸಂಶೋಧನಾ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬೇಡ. ವಾದ, ಪ್ರತಿವಾದ, ಸಮನ್ವಯ ಎಂಬ ಆ ಮೂರರ ಸರಣಿ, ಹೆಗೆಲ್‌ನಂತೆಯೇ ಜರ್ಮನ್ ತತ್ವಜ್ಞಾನಿಯಾದ ಫಿಕ್ಟೆಯದು. ಹೆಗೆಲ್ ಅದನ್ನು ತನ್ನ ಸೂತ್ರವಾಗಿ ಬಳಸಲಿಲ್ಲ. ಹೀಗೆ ಮಾಡಿದವರು ಹಳೆಯ ಕಡತ ಥೀಸಿಸ್, ಕಂಪ್ಯೂಟರ್ ಆಂಟಿಥೀಸಿಸ್, ತಾವು ಸೂಚಿಸುವ ಆ್ಯಪ್ ಸಿಂಥೆಸಿಸ್ ಎಂದು ಬರೆದುಬಿಡುತ್ತಾರೆ. ಪರೀಕ್ಷಕರಿಗೆ ಇದು ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಮಾಹಿತಿ ವ್ಯವಸ್ಥೆಗಳ ಅಧ್ಯಯನದಲ್ಲಿ ಹೆಗೆಲ್‌ನನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಅಮೆರಿಕದ ಚಿಂತಕ ಚರ್ಚ್‌ಮನ್ ಮುಖ್ಯ. ಲೈಬ್ನಿಟ್ಸ್, ಲಾಕ್, ಕಾಂಟ್, ಹೆಗೆಲ್, ಸಿಂಗರ್ ಎಂಬ ತತ್ವಜ್ಞಾನಿಗಳ ಹೆಸರಿನಲ್ಲಿ ಐದು ಬಗೆಯ ಶೋಧನಾ ವ್ಯವಸ್ಥೆಗಳನ್ನು, ಅಂದರೆ ಅರಿವು ಕಂಡುಕೊಳ್ಳುವ ಕ್ರಮಗಳನ್ನು, 1971ರಲ್ಲಿ ವಿಂಗಡಿಸಿದರು. ಕೈಗೆ ಸಿಗುವ ವಿಧಾನ ಬೇಕೆಂದರೆ ನಿರ್ವಹಣಾಶಾಸ್ತ್ರದ ವಿದ್ವಾಂಸ ಮೇಸನ್ 1969ರಲ್ಲಿ ಹೇಳಿದ್ದು ನೋಡಿ. ಒಂದು ಯೋಜನೆಯ ಹಿಂದಿರುವ ಗೃಹೀತಗಳನ್ನು ಬರೆಯಿರಿ, ಅವುಗಳಿಗೆ ನೇರ ವಿರುದ್ಧವಾದವನ್ನು ಬರೆಯಿರಿ, ಅದೇ ಅಂಕಿಅಂಶಗಳಿಂದಲೇ ಪ್ರತಿಯೋಜನೆ ಕಟ್ಟಿ, ಇಬ್ಬರಿಂದ ವಾದ ಮಾಡಿಸಿ. ಅಂಕಿಅಂಶ ಬದಲಾದರೆ ಆಟ ಕೆಟ್ಟಿತು: ಜಗಳ ಗೃಹೀತದ್ದೋ ಮಾಹಿತಿಯದ್ದೋ ತಿಳಿಯುವುದಿಲ್ಲ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅವನೇ ಒಪ್ಪುವಂತೆ ಮಂಡಿಸುವ ನಮ್ಮ ಹಳೆಯ ಶಿಸ್ತು ಇಲ್ಲಿ ಚೆನ್ನಾಗಿ ಒದಗುತ್ತದೆ.

ಪ್ರಶ್ನೆ: ಜಮೀನು ದಾಖಲೆಗಳ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದರೂ ಮ್ಯುಟೇಶನ್‌ಗೆ (ಖಾತೆ ಬದಲಾವಣೆಗೆ) ಅಲೆದಾಟ ತಪ್ಪಿಲ್ಲ ಎನ್ನುತ್ತಾರೆ. ಇದಕ್ಕೂ ಈ ವಿಧಾನ ಹೊಂದುತ್ತದೆಯೇ?
– ಓದುಗರು, ಚಳ್ಳಕೆರೆ

ಉತ್ತರ: ಹೊಂದುತ್ತದೆ. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕೆಂಬ ಸರದಿಯನ್ನು ‘ಭೂಮಿ’ ಕಂಪ್ಯೂಟರಿಗೇ ವಹಿಸಿತು. ಸರದಿ ಬಿಗಿಯಾದಷ್ಟೂ ಸರದಿಯ ಆಚೆಯ ಜಾಗಗಳಿಗೆ ಬೆಲೆ ಬರುತ್ತದೆ: ಅರ್ಜಿ ಒಳಗೆ ಸೇರುವ ಬಾಗಿಲು, ತಕರಾರು ಎಂದು ಹೊರಗೆ ಹೋಗುವ ಬಾಗಿಲು. ವಿವೇಚನಾಧಿಕಾರ ಅಳಿಯಿತೋ, ಅಲ್ಲಿಗೆ ಸರಿಯಿತೋ ಎಂಬುದನ್ನು ತೋರಿಸಬೇಕು, ಮೊದಲೇ ತೀರ್ಮಾನಿಸಬಾರದು. ಒಂದೇ ಹೋಬಳಿಯ ಅರ್ಜಿಗಳನ್ನು ತೆಗೆದುಕೊಂಡು ಸರದಿಯೊಳಗೆ ಕಳೆದ ದಿನ, ಹೊರಗೆ ಕಳೆದ ದಿನ ಬೇರೆ ಬೇರೆ ಲೆಕ್ಕ ಹಾಕಿ. ತಿರಸ್ಕೃತ ಅರ್ಜಿಗಳ ಕಾರಣದ ಕಲಂ ಮೊದಲು ಓದಿ. ಒಂದೇ ಒಕ್ಕಣೆ ಮತ್ತೆ ಮತ್ತೆ ಬಂದಿದ್ದರೆ ಆ ಅರ್ಜಿದಾರರನ್ನು ಮಾತಾಡಿಸಿ, ಆಮೇಲೆ ಕಚೇರಿಗೆ ಹೋಗಿ.